ಕುಂಡದ ಮಣ್ಣಲ್ಲಿ ಮಣ್ಣೇ ಇಲ್ಲ

"ಮಣ್ಣಿಗೂ ದುಡ್ಡು ಕೊಡ್ತೀರೇನೋ ಅಲ್ಲಿ?"

ಅಪ್ಪ ಹೀಗೆ ಕೇಳಿದಾಗ ನಾನು ಕೆನಡಾದ ಬ್ರಾಂಪ್ಟನ್‌ನಲ್ಲಿ, ಒಂದು ಅಂಗಡಿಯ ಪಾರ್ಕಿಂಗ್‌ನಲ್ಲಿ, ಕಾರಿನ ಡಿಕ್ಕಿ ತೆಗೆದು ನಿಂತಿದ್ದೆ. ಒಳಗೆ ನಾಲ್ಕು ಚೀಲ ಮಣ್ಣು. ವಿಡಿಯೋ ಕಾಲಿನಲ್ಲಿ ತೋರಿಸಿದ್ದೇ ತಪ್ಪಾಯಿತು. ನಮ್ಮೂರು ತಿಪಟೂರಿನ ಕಡೆ. ಅಲ್ಲಿ ಬೇಸಿಗೆಯಲ್ಲಿ ಕೆರೆ ಬತ್ತಿದರೆ ಗೋಡು ಹೊಡೆಸುತ್ತಾರೆ. ಬಿಸಿಲಿಗೆ ಬಿರುಕು ಬಿಟ್ಟ ಕಪ್ಪು ಕೆರೆಮಣ್ಣು ಟ್ರ್ಯಾಕ್ಟರುಗಟ್ಟಲೆ ತೆಂಗಿನ ತೋಟಕ್ಕೆ ಬೀಳುತ್ತದೆ. ದುಡ್ಡು ಕೊಡುವುದು ಟ್ರ್ಯಾಕ್ಟರಿಗೆ, ಡೀಸೆಲಿಗೆ. ಮಣ್ಣಿಗೆ ಯಾರು ಕೊಡುತ್ತಾರೆ?

ನಾನು ದುಡ್ಡು ಕೊಟ್ಟದ್ದು ಮಣ್ಣಿಗೇ ಅಲ್ಲ ಅನ್ನುವುದು ನನಗೂ ಆಗ ಗೊತ್ತಿರಲಿಲ್ಲ. ಕುಂಡದ ಮಣ್ಣಿನ ಗುಟ್ಟು ಪೂರ್ತಿ ತಿಳಿಯಲು ಮೂರು ಬೇಸಿಗೆ ಬೇಕಾದವು. ಎಂಟು ಟೊಮೆಟೊ ಗಿಡ, ಎರಡು ಗಾಂಜಾ ಗಿಡ ಬಲಿಯಾದವು.

ಹೌದು, ಗಾಂಜಾ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಇದು ಕಾನೂನುಬದ್ಧ. ಒಂದು ಮನೆಗೆ ನಾಲ್ಕು ಗಿಡ ಬೆಳೆಸಬಹುದು. ತಲೆಗೆ ನಾಲ್ಕಲ್ಲ, ಮನೆಗೆ ನಾಲ್ಕು. ನಮ್ಮ ಒಂಟಾರಿಯೋದಲ್ಲಿ 19 ವರ್ಷ ತುಂಬಿರಬೇಕು, ಬೀಜ ಲೈಸೆನ್ಸ್ ಇರುವ ಅಂಗಡಿಯದ್ದೇ ಆಗಿರಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಕರಾರನ್ನೂ ನೋಡಬೇಕು. ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಿ ಒಂದು ಗಿಡವನ್ನೂ ಮನೆಯಲ್ಲಿ ಬೆಳೆಸುವಂತಿಲ್ಲ. ಆ ನಿಷೇಧ ಸರಿ ಎಂದು 2023ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟೂ ಹೇಳಿತು. ಇನ್ನು ಕರ್ನಾಟಕದಲ್ಲಿ ಓದುತ್ತಿರುವವರಿಗೆ: ಅಲ್ಲಿ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಗಾಂಜಾ ಬೆಳೆದರೆ ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಒಂದು ಗಿಡವೋ ನೂರು ಗಿಡವೋ ಅಂತ ಆ ಕಲಂ ನೋಡುವುದಿಲ್ಲ. ಹಾಗಾಗಿ ಅಲ್ಲಿರುವವರು ಕೆಳಗಿನದ್ದನ್ನು ಟೊಮೆಟೊಗೆ, ಬದನೆಗೆ, ಮೆಣಸಿನ ಗಿಡಕ್ಕೆ ಅಂತ ಓದಿಕೊಳ್ಳಿ. ಹಾಗೆ ಓದಿದರೆ ನಷ್ಟವೇನೂ ಇಲ್ಲ. ನಾನು ಕಲಿತದ್ದೂ ಟೊಮೆಟೊದಿಂದಲೇ.

ಅಪ್ಪನಿಗೆ ಗಾಂಜಾ ವಿಷಯ ಹೇಳಲು ತುಂಬಾ ಹಿಂಜರಿದಿದ್ದೆ. ಕೊನೆಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. "ಸರ್ಕಾರದವರು ಒಪ್ಪವ್ರಾ?" ಒಪ್ಪಿದ್ದಾರೆ ಅಂದೆ. "ಹಂಗಾದ್ರೆ ಸರಿ ಬಿಡು" ಅಂದು ಕೊಬ್ಬರಿ ರೇಟಿನ ಕಡೆಗೆ ಮಾತು ತಿರುಗಿಸಿದರು. ಸಾಧುಗಳು ಚಿಲುಮೆ ಹಚ್ಚುವುದನ್ನು ಚಿಕ್ಕಂದಿನಿಂದ ನೋಡಿದವರಿಗೆ ಅದು ದೊಡ್ಡ ಸುದ್ದಿಯಲ್ಲ. ಅವರ ಮನಸ್ಸಲ್ಲಿ ಉಳಿದದ್ದು ಮಣ್ಣಿಗೆ ದುಡ್ಡು ಕೊಟ್ಟ ವಿಷಯವೇ.

ಮೊದಲ ವರ್ಷ ನಾನು ಆ ನಾಲ್ಕು ಚೀಲ ಸಾಲದೆ, ದುಡ್ಡು ಉಳಿಸೋಣ ಅಂತ ಹಿತ್ತಲಿನ ಮಣ್ಣನ್ನೇ ಅಗೆದು ಕುಂಡಗಳಿಗೆ ಅರ್ಧರ್ಧ ತುಂಬಿದೆ. ಬ್ರಾಂಪ್ಟನ್ ಕಡೆಯ ಮಣ್ಣು ಜೇಡಿ. ಹಿಮಯುಗದ ಹಿಮರಾಶಿ ಅರೆದು ಬಿಟ್ಟುಹೋದ ಜೇಡಿ. ಅದರ ಮೇಲೆ ಹೊಸ ಬಡಾವಣೆ ಕಟ್ಟುವವರು ಇದ್ದಬದ್ದ ಮೇಲ್ಮಣ್ಣನ್ನೂ ಕೆರೆದು ಹಾಕಿರುತ್ತಾರೆ. ಗುದ್ದಲಿಗೆ ಅಂಟಿಕೊಂಡು ಬರುವ ಆ ಮಣ್ಣನ್ನು ನೋಡಿ ನನಗೆ ಖುಷಿಯೇ ಆಯಿತು, ಥೇಟ್ ನಮ್ಮ ಕೆರೆ ಗೋಡು ಅಂತ. ಕುಂಡದ ತಳಕ್ಕೆ ಎರಡು ಹಿಡಿ ಜಲ್ಲಿ ಹಾಕಿದೆ, ನೀರು ಬಸಿಯಲಿ ಅಂತ. ಎಲ್ಲರೂ ಹಾಗೇ ಮಾಡುತ್ತಾರೆ, ಅಲ್ವಾ?

ಜುಲೈ ಹೊತ್ತಿಗೆ ಗಿಡಗಳು ಬಾಡಿದವು. ಬಾಡಿದವು ಅಂತ ಇನ್ನಷ್ಟು ನೀರು ಹಾಕಿದೆ. ಇನ್ನಷ್ಟು ಬಾಡಿದವು.

ಬೇಲಿಯಾಚೆ ಒಬ್ಬ ಅಜ್ಜ ಇದ್ದಾರೆ. ಪೋರ್ಚುಗಲ್‌ನಿಂದ ಬಂದು ಇಲ್ಲಿ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಮಂಡಿ ಎರಡೂ ಸವೆದಿವೆ. ನೋವಿಗೆ ಅಂತ ವರ್ಷಕ್ಕೆ ನಾಲ್ಕು ಗಾಂಜಾ ಗಿಡ, ಅದರ ಜೊತೆ ಇಪ್ಪತ್ತು ಟೊಮೆಟೊ, ಎಲ್ಲವೂ ಒಂದೇ ಮಣ್ಣಿನಲ್ಲಿ. ನನ್ನ ಅವಸ್ಥೆ ನೋಡಲಾರದೆ ಒಂದು ದಿನ ಬೇಲಿ ಗೇಟು ತೆಗೆದುಕೊಂಡು ಬಂದರು. ಕುಂಡ ವಾಲಿಸಿ, ತಳದ ತೂತಿಗೆ ಬೆರಳು ತೂರಿಸಿ, ಬೂದು ಬಣ್ಣದ ಕೆಸರು ಎಳೆದು ನನ್ನ ಮೂಗಿನ ಹತ್ತಿರ ಹಿಡಿದರು. ಕೊಳೆತ ಮೊಟ್ಟೆಯ ವಾಸನೆ. ಗಿಡಕ್ಕೆ ಬಾಯಾರಿಕೆಯಾಗಿರಲಿಲ್ಲ. ಬೇರು ಉಸಿರು ಕಟ್ಟಿ ಕೊಳೆತು, ಸುತ್ತ ನೀರಿದ್ದರೂ ಹೀರಲಾಗದೆ ಒದ್ದಾಡುತ್ತಿತ್ತು.

ಆಮೇಲೆ ಅವರು ಒಳಗೆ ಹೋಗಿ ಪಾತ್ರೆ ತೊಳೆಯುವ ಸ್ಪಂಜು ತಂದರು. ಇದನ್ನು ನೀವೂ ಮಾಡಿ ನೋಡಿ, ಎರಡು ನಿಮಿಷದ ಕೆಲಸ. ಸ್ಪಂಜನ್ನು ನೀರಲ್ಲಿ ಚೆನ್ನಾಗಿ ನೆನೆಸಿ, ಅಡ್ಡಡ್ಡ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕಿ ತೊಟ್ಟಿಕ್ಕಿ ನಿಲ್ಲುತ್ತದೆ. ಇನ್ನು ನೀರು ಬರುವುದಿಲ್ಲ ಅನ್ನಿಸುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಬಳಬಳ ಅಂತ ಇನ್ನಷ್ಟು ಸುರಿಯುತ್ತದೆ. ಅದೂ ನಿಂತ ಮೇಲೆ ಕೆಳಗಿನ ಅಂಚನ್ನು ಹಿಂಡಿ. ಅಲ್ಲಿನ್ನೂ ತುಂಬಾ ನೀರಿದೆ.

ಕುಂಡದಲ್ಲಿ ಆಗುವುದೂ ಇದೇ. ಎಷ್ಟೇ ತೂತು ಕೊರೆದರೂ ತಳದಲ್ಲಿ ಒಂದು ಪಟ್ಟಿ ಯಾವಾಗಲೂ ಒದ್ದೆಯಾಗಿ ಉಳಿಯುತ್ತದೆ. ಹೊಲದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಮಣ್ಣಿನ ಕೆಳಗೆ ಮತ್ತೆ ಮಣ್ಣು, ನೀರನ್ನು ಕೆಳಗಿನದ್ದು ಎಳೆದುಕೊಳ್ಳುತ್ತಲೇ ಹೋಗುತ್ತದೆ. ಕುಂಡಕ್ಕೆ ಕೆಳಗೆ ಏನೂ ಇಲ್ಲ, ಎಳೆಯುವವರು ಯಾರು? ಆ ಒದ್ದೆ ಪಟ್ಟಿ ಎಷ್ಟು ಎತ್ತರ ಅನ್ನುವುದು ಮಣ್ಣಿನ ಕಣ ಎಷ್ಟು ಸಣ್ಣದು ಅನ್ನುವುದರ ಮೇಲಿದೆ. ಜೇಡಿಯಾದರೆ ಪೂರ್ತಿ ಕುಂಡವೇ ಒದ್ದೆ ಪಟ್ಟಿ. ಇನ್ನು ತಳಕ್ಕೆ ಹಾಕಿದ ಜಲ್ಲಿ? ಸಣ್ಣ ಕಣದಿಂದ ದಪ್ಪ ಕಲ್ಲಿಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಒದ್ದೆ ಪಟ್ಟಿ ಜಲ್ಲಿಯ ಮೇಲೆ ಹೋಗಿ ಕೂರುತ್ತದೆ, ಅಂದರೆ ಬೇರಿಗೆ ಇನ್ನೂ ಹತ್ತಿರ. ಕೆಟ್ಟದ್ದನ್ನು ಇನ್ನಷ್ಟು ಕೆಡಿಸುವುದಕ್ಕೆ ನಾನು ಜಲ್ಲಿ ಹುಡುಕಿಕೊಂಡು ಹೋಗಿದ್ದೆ.

ಕೆರೆ ಗೋಡು ಒಳ್ಳೆಯ ಮಣ್ಣು ಅನ್ನುವುದರಲ್ಲಿ ಅಪ್ಪನದು ತಪ್ಪಿಲ್ಲ. ಅದು ತೋಟದಲ್ಲಿ ಒಳ್ಳೆಯ ಮಣ್ಣು. ಕುಂಡದೊಳಗೆ ತಂದಿಟ್ಟರೆ ಅದೇ ಗಿಡದ ಕತ್ತು ಹಿಸುಕುತ್ತದೆ. ಅಂಗಡಿಯ ಚೀಲದಲ್ಲಿ ಮಣ್ಣು ಯಾಕಿಲ್ಲ ಅನ್ನುವುದು ಆವತ್ತು ಅರ್ಥವಾಯಿತು. ಚೀಲದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ: ಪೀಟ್ ಮಾಸ್ ಅನ್ನುವ ಜೌಗು ಪಾಚಿಯ ಹುಡಿ, ಪರ್ಲೈಟ್ ಅನ್ನುವ ಹಗುರ ಬಿಳಿ ಕಾಳು, ಸ್ವಲ್ಪ ಸುಣ್ಣದ ಪುಡಿ, ಸ್ವಲ್ಪ ಗೊಬ್ಬರ. ಗಾಂಜಾಕ್ಕೆಂದೇ ವಿಶೇಷವಾಗಿ ಮಾಡಿದ್ದು ಅಂತ ಎಲೆಯ ಚಿತ್ರ ಹಾಕಿ, ದುಪ್ಪಟ್ಟು ಬೆಲೆಗೆ ಮಾರುವ ಚೀಲಗಳೂ ಇವೆ. ನಾನೂ ಒಂದು ಸಲ ಮೋಸ ಹೋಗಿದ್ದೇನೆ. ಹಿಂದೆ ತಿರುಗಿಸಿ ಓದಿದರೆ ಮುಕ್ಕಾಲು ಪಾಲು ಅದೇ ಪೀಟ್, ಅದೇ ಪರ್ಲೈಟ್. ಗಿಡಕ್ಕೆ ಚೀಲದ ಮೇಲಿನ ಚಿತ್ರ ಕಾಣುವುದಿಲ್ಲ.

ಹಾಗಾಗಿ ಈಗ ನಾವೇ ಕಲಸುತ್ತೇವೆ. ನಾವು ಅಂದರೆ ಅಜ್ಜ ಮತ್ತು ನಾನು, ಮೇ ತಿಂಗಳ ಒಂದು ಶನಿವಾರ, ಅವರ ಡ್ರೈವ್‌ವೇ ಮೇಲೆ ನೀಲಿ ಟಾರ್ಪಾಲು ಹಾಸಿಕೊಂಡು. ಅಳತೆಗೆ ಒಂದು ಬಕೆಟ್. ಪೀಟ್ ಅಥವಾ ತೆಂಗಿನ ನಾರಿನ ಹುಡಿ ಒಂದು ಪಾಲು, ಕಾಂಪೋಸ್ಟ್ ಒಂದು ಪಾಲು, ಪರ್ಲೈಟ್ ಒಂದು ಪಾಲು. ಮೊದಲನೆಯದು ನೀರು ಹಿಡಿಯಲಿಕ್ಕೆ, ಎರಡನೆಯದು ಊಟ, ಮೂರನೆಯದು ಗಾಳಿ. ಪರ್ಲೈಟ್ ಅಂದರೆ ಜ್ವಾಲಾಮುಖಿಯ ಗಾಜನ್ನು ಕುಲುಮೆಯಲ್ಲಿ ಕಾಯಿಸಿ ಅರಳಿಸಿದ್ದು. ಹುರಿದ ಅರಳಿನ ಹಾಗೆ ಬೆಳ್ಳಗೆ, ಹಗುರಾಗಿ ಇರುತ್ತದೆ. ಅದರ ಧೂಳು ಗಂಟಲಿಗೆ ಹೋದರೆ ಕೆಮ್ಮು ಬಿಡುವುದಿಲ್ಲ. ಮೊದಲು ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡೇ ಸುರಿಯಬೇಕು. ಪೀಟ್ ಹುಳಿ ಜಾಸ್ತಿ ಇರುವ ಪದಾರ್ಥ, ಅದಕ್ಕೇ ಒಂದು ಹಿಡಿ ಸುಣ್ಣದಕಲ್ಲಿನ ಪುಡಿ. ಎಲ್ಲಾ ಕಲಸಿ ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಉಂಡೆ ಕಟ್ಟಬೇಕು, ಹೆಬ್ಬೆರಳಿಂದ ಮುಟ್ಟಿದರೆ ಉದುರಬೇಕು. ರವೆ ಉಂಡೆಗೆ ಹಾಲು ಕಮ್ಮಿಯಾದಾಗ ಆಗುತ್ತಲ್ಲ, ಹಾಗೆ.

ಖರ್ಚು ಹೇಳಬೇಕು, ಯಾಕೆಂದರೆ ಅಪ್ಪನ ಪ್ರಶ್ನೆ ಇದ್ದದ್ದೇ ಅದು. ಹತ್ತು ಗ್ಯಾಲನ್ನಿನ, ಅಂದರೆ ಸುಮಾರು 38 ಲೀಟರಿನ ನಾಲ್ಕು ಬಟ್ಟೆ ಕುಂಡಕ್ಕೆ 150 ಲೀಟರ್ ಮಿಶ್ರಣ ಬೇಕು. ಎಲೆಯ ಚಿತ್ರದ ಚೀಲದಲ್ಲಿ ಕೊಂಡರೆ ನನಗೆ ಇನ್ನೂರು ಡಾಲರಿನ ಹತ್ತಿರ ಹೋಗಿತ್ತು. ಕಲಸಿಕೊಂಡರೆ ಎಪ್ಪತ್ತು ದಾಟಲಿಲ್ಲ. ಒತ್ತಿ ಕಟ್ಟಿದ ಪೀಟಿನ ದೊಡ್ಡ ಮೂಟೆ 107 ಲೀಟರಿನದು, ಬಿಡಿಸಿ ಉದುರಿಸಿದರೆ ಹತ್ತಿರಹತ್ತಿರ ಎರಡರಷ್ಟಾಗುತ್ತದೆ. ಹಾಗಾಗಿ ಒಂದು ಮೂಟೆ ಇಬ್ಬರಿಗೂ ಸಾಕು. ಪರ್ಲೈಟನ್ನು ಸಣ್ಣ ಪೊಟ್ಟಣದಲ್ಲಿ ಕೊಂಡರೆ ಸುಮ್ನೆ ದುಡ್ಡು ದಂಡ, ದೊಡ್ಡ ಚೀಲವನ್ನೇ ತರಬೇಕು. ಕಾಂಪೋಸ್ಟ್ ನಮ್ಮದೇ ಡಬ್ಬದ್ದು, ಸಾಲದಿದ್ದರೆ ಹೊರಗಿನಿಂದ ತಂದದ್ದು. ಹೊರಗಿನದ್ದಾದರೆ ಜರಡಿ ಹಿಡಿಯದೆ ಹಾಕಬೇಡಿ. ನನಗೆ ಒಂದು ಸಲ ಪ್ಲಾಸ್ಟಿಕ್ ಚೂರು, ಒಂದು ಟೀ ಚಮಚ, ಯಾವುದೋ ಮಗುವಿನ ಆಟಿಕೆಯ ಚಕ್ರ ಸಿಕ್ಕಿದ್ದವು. ಇನ್ನೊಂದು ಪರೀಕ್ಷೆ ಇದೆ. ಆ ಕಾಂಪೋಸ್ಟಿನಲ್ಲಿ ನಾಲ್ಕು ಹುರುಳಿಕಾಯಿ ಬೀಜ ಊರಿ ಎರಡು ಮೂರು ವಾರ ಕಾಯಿರಿ. ಮೊದಲ ಎಲೆಗಳು ಮುದುಡಿ ತಿರುಚಿಕೊಂಡರೆ, ದನ ತಿಂದ ಹುಲ್ಲಿಗೆ ಹೊಡೆದ ಕಳೆನಾಶಕ ಗೊಬ್ಬರದಲ್ಲಿ ಉಳಿದಿದೆ ಅನ್ನುವ ಅನುಮಾನ ಪಡಬೇಕು. ಟೊಮೆಟೊಗೂ ಅದು ವಿಷವೇ.

ಪೀಟಿನ ಬಗ್ಗೆ ಒಂದು ಅಳುಕು ಇದೆ. ಅದು ಬರುವುದು ನ್ಯೂ ಬ್ರನ್ಸ್‌ವಿಕ್, ಕ್ವಿಬೆಕ್ ಕಡೆಯ ಜೌಗು ಭೂಮಿಯಿಂದ. ಅಲ್ಲಿ ಅದು ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ನಾನು ಒಂದು ಮೂಟೆ ಹರಿದಾಗ ಎಷ್ಟು ಶತಮಾನ ಹರಿದೆ ಅಂತ ಲೆಕ್ಕ ಹಾಕಲು ಹೋಗುವುದಿಲ್ಲ. ಆದರೆ ಆ ಕಾರಣಕ್ಕೇ ಎರಡನೇ ವರ್ಷ ನಾರಿನ ಹುಡಿಯ ಕಡೆ ತಿರುಗಿದೆ. ಐದು ಕಿಲೋದ ಒಂದು ಇಟ್ಟಿಗೆ. ಬಕೆಟ್ಟಿಗೆ ಹಾಕಿ ಬಿಸಿನೀರು ಹೊಯ್ದರೆ ಅರಳಿ ಅರಳಿ ಎಪ್ಪತ್ತು ಲೀಟರಿನಷ್ಟಾಗುತ್ತದೆ. ಬಕೆಟ್ ಸಾಲದೆ ಮಗನ ಹಳೇ ಸ್ನಾನದ ಟಬ್ಬಿಗೆ ವರ್ಗಾಯಿಸಿದೆ. ಆ ನೀರು ಚಹಾ ಬಣ್ಣಕ್ಕೆ ತಿರುಗಿತು. ಆ ಬಣ್ಣ ನೋಡಿದ ಕೂಡಲೇ ನಮ್ಮೂರ ರಸ್ತೆಯ ನಾರಿನ ಮಿಲ್ಲು ಕಣ್ಣಿಗೆ ಬಂತು. ಮಟ್ಟೆ ಹೊಡೆದು ನಾರು ತೆಗೆದ ಮೇಲೆ ಉಳಿದ ಹುಡಿಯನ್ನು ಹಿಂದೆ ಗುಡ್ಡೆ ಹಾಕುತ್ತಿದ್ದರು. ಮಳೆ ಬಂದರೆ ಅದರ ಬುಡದಿಂದ ಇದೇ ಬಣ್ಣದ ನೀರು ಚರಂಡಿಗೆ ಇಳಿಯುತ್ತಿತ್ತು. ನಾವು ಸ್ಕೂಲಿಂದ ಬರುವಾಗ ಆ ಗುಡ್ಡೆಯ ಮೇಲಿಂದ ಜಾರುತ್ತಿದ್ದೆವು. ಇಟ್ಟಿಗೆಯ ಪ್ಲಾಸ್ಟಿಕ್ ಮೇಲೆ ಭಾರತದ್ದು ಅಂತಲೇ ಇತ್ತು.

ನಾರಿನ ಹುಡಿಯಲ್ಲಿ ಉಪ್ಪು ಇರುತ್ತದೆ, ಎರಡು ಮೂರು ನೀರಲ್ಲಿ ತೊಳೆದು ಹಿಂಡಬೇಕು. ಅಕ್ಕಿ ತೊಳೆದ ಹಾಗೆ. ಮತ್ತೆ ಅದು ಗಿಡದ ಕ್ಯಾಲ್ಸಿಯಂ ಕಿತ್ತುಕೊಳ್ಳುವ ಗಿರಾಕಿ. ಅದಕ್ಕೇ ಕ್ಯಾಲ್ಸಿಯಂ ಇರುವ ಜಿಪ್ಸಂ ಪುಡಿ ಸ್ವಲ್ಪ ಸೇರಿಸುತ್ತೇನೆ.

ಎರಡನೇ ವರ್ಷದ ತಪ್ಪು ಬೇರೆ ಥರದ್ದು. ಗಾಳಿ ಸರಿಯಾಯಿತಲ್ಲ, ಇನ್ನು ಊಟ ಹಾಕೋಣ ಅಂತ ಕೋಳಿ ಗೊಬ್ಬರದ ಗುಳಿಗೆಗಳನ್ನು ಹಿಡಿಹಿಡಿಯಾಗಿ ಸುರಿದೆ. ಊರಲ್ಲಿ ಗೊಬ್ಬರ ಜಾಸ್ತಿಯಾಯಿತು ಅಂತ ಯಾರೂ ಅತ್ತಿದ್ದು ಕೇಳಿಲ್ಲ. ಇಲ್ಲಿ ಎರಡು ವಾರಕ್ಕೆ ಗಾಂಜಾ ಗಿಡದ ಎಲೆ ಕಡು ಹಸಿರಾಗಿ, ತುದಿಗಳು ಹದ್ದಿನ ಉಗುರಿನ ಹಾಗೆ ಕೆಳಗೆ ಬಾಗಿ, ಆಮೇಲೆ ಕಂದಾಗಿ ಸುಟ್ಟವು. ಎರಡು ಗಿಡ ಹೋದವು. ಹೊಲದಲ್ಲಿ ಬೇರು ಬೇಡವಾದ ಕಡೆಯಿಂದ ತಪ್ಪಿಸಿಕೊಂಡು ಬೇರೆ ಕಡೆ ಓಡುತ್ತದೆ. ಕುಂಡದಲ್ಲಿ ಎಲ್ಲಿಗೆ ಓಡುತ್ತದೆ? ನಮ್ಮ ಹೊಂಗೆ ಹಿಂಡಿ, ಬೇವಿನ ಹಿಂಡಿ ಸಿಕ್ಕಿದ್ದರೆ ನಿಧಾನಕ್ಕೆ ಕರಗುತ್ತಿದ್ದವು ಅನ್ನುವುದು ನನ್ನ ಹಳೇ ಗೊಣಗಾಟ. ಬೇವಿನ ಕಥೆಯೂ ಇಲ್ಲಿ ವಿಚಿತ್ರ. ಬೇವಿನೆಣ್ಣೆ ಕೆನಡಾದಲ್ಲಿ ಕೀಟನಾಶಕ ಅಂತ ನೋಂದಣಿಯಾಗಿಲ್ಲ. ಎಲೆಗೆ ಹೊಳಪು ಕೊಡುವ ಎಣ್ಣೆ ಅಂತ ಮಾರುತ್ತಾರೆ. ಕೊಳ್ಳುವವರಿಗೂ ಮಾರುವವರಿಗೂ ವಿಷಯ ಗೊತ್ತು, ಇಬ್ಬರೂ ಹೊಳಪಿನ ಬಗ್ಗೆ ಮಾತಾಡುತ್ತಾರೆ.

ಬಟ್ಟೆ ಕುಂಡದ ಬಗ್ಗೆ ನನಗೆ ಮೊದಲು ನಗು ಬಂದಿತ್ತು. ಕಂಬಳಿ ಚೀಲಕ್ಕೆ ಹಿಡಿಕೆ ಹೊಲಿದ ಹಾಗಿದೆ. ಆದರೆ ಪ್ಲಾಸ್ಟಿಕ್ ಕುಂಡದ ಗೋಡೆ ಮುಟ್ಟಿದ ಬೇರು ಗುಂಡಗೆ ಸುತ್ತುತ್ತಾ ಹೋಗುತ್ತದೆ. ಬಟ್ಟೆಯ ಅಂಚಿಗೆ ಬಂದ ಬೇರಿನ ತುದಿ ಗಾಳಿಗೆ ಒಣಗಿ ನಿಂತು, ಹಿಂದಿನಿಂದ ಹೊಸ ಬೇರು ಒಡೆಯುತ್ತದೆ. ಒಂದೇ ತೊಂದರೆ, ಬೇಗ ಒಣಗುತ್ತದೆ. ಜುಲೈಯಲ್ಲಿ ಮೂವತ್ತು ಡಿಗ್ರಿ ದಾಟಿದರೆ ದಿನಾ ನೀರು. ಬೆರಳು ಚುಚ್ಚಿ ನೋಡುವುದಕ್ಕಿಂತ ಹಿಡಿಕೆ ಹಿಡಿದು ಎತ್ತಿ ನೋಡುವುದು ಒಳ್ಳೆಯದು. ನೀರು ಕುಡಿದ ಕುಂಡಕ್ಕೂ ಒಣಗಿದ ಕುಂಡಕ್ಕೂ ಇರುವ ವ್ಯತ್ಯಾಸ ತೋಳಿಗೆ ಬೇಗ ಗೊತ್ತಾಗುತ್ತದೆ. ಪೀಟ್ ಪೂರ್ತಿ ಒಣಗಲು ಮಾತ್ರ ಬಿಡಬಾರದು. ಒಣಗಿತೋ ನೀರನ್ನೇ ಒಲ್ಲೆ ಅನ್ನುತ್ತದೆ. ಹೊಯ್ದದ್ದೆಲ್ಲ ಅಂಚಿನಿಂದ ಜಾರಿ ಕೆಳಗೆ ಹೋಗುತ್ತದೆ, ಒಳಗೆ ಧೂಳು ಧೂಳಾಗಿಯೇ ಇರುತ್ತದೆ. ಆಗ ಕುಂಡವನ್ನೇ ಟಬ್ಬಿನಲ್ಲಿ ಕೂರಿಸಿ ಕೆಳಗಿನಿಂದ ಕುಡಿಸಬೇಕು.

ಮೂರನೇ ವರ್ಷ ಗಿಡಗಳು ನಿಜಕ್ಕೂ ಚೆನ್ನಾಗಿ ಬಂದವು. ಆಗಸ್ಟಿನಲ್ಲಿ ನಮ್ಮ ಅತ್ತೆ ಬಾಗಲಕೋಟೆಯಿಂದ ಬಂದಿದ್ದರು. ಮೊದಲ ಬೆಳಗ್ಗೆಯೇ ಹಿತ್ತಲಿಗೆ ಹೋಗಿ ಖುಷಿಯಿಂದ ಒಳಗೆ ಬಂದರು.

"ಅಳಿಯಾರ, ಪುಂಡಿ ಭಾಳ ಚಲೋ ಬಂದೈತ್ರೀ. ನಾಳೆ ಪಲ್ಯ ಮಾಡ್ಲೇನ್ರೀ?"

ನನ್ನ ಹೆಂಡತಿ ಕಾಫಿ ಲೋಟ ಕೆಳಗಿಟ್ಟು ಅಡುಗೆಮನೆಯಿಂದ ಓಡಿದಳು. ಅತ್ತೆಯದು ತಪ್ಪೇನಲ್ಲ. ಪುಂಡಿ ಜಾತಿಯ ಒಂದು ಗಿಡದ ಎಲೆ ಥೇಟ್ ಹೀಗೇ ಬೆರಳು ಬೆರಳಾಗಿರುತ್ತದೆ. ಸಸ್ಯಶಾಸ್ತ್ರದವರು ಅದಕ್ಕೆ ಹಿಬಿಸ್ಕಸ್ ಕ್ಯಾನಬಿನಸ್ ಅಂತ ಹೆಸರಿಟ್ಟಿರುವುದೇ ಆ ಹೋಲಿಕೆಗೆ. ವಿಷಯ ತಿಳಿದ ಮೇಲೆ ಅತ್ತೆ ಎರಡು ದಿನ ಹಿತ್ತಲ ಕಡೆ ಹೋಗಲಿಲ್ಲ. ಮೂರನೇ ದಿನ ಹೋಗಿ ಬಂದು, ಕುಂಡದಲ್ಲಿ ಕಳೆ ಎದ್ದಿತ್ತು, ಕಿತ್ತೆ ಅಂದರು.

ಗಾಂಜಾ ಗಿಡದಲ್ಲಿ ಪರಂಗಿಯ ಹಾಗೆ ಗಂಡು ಬೇರೆ, ಹೆಣ್ಣು ಬೇರೆ. ಬೇಕಾಗಿರುವುದು ಹೆಣ್ಣಿನ ಹೂವು. ಗಂಡನ್ನು ಬೇಗ ಕಿತ್ತು ಹಾಕದಿದ್ದರೆ ಹೂವೆಲ್ಲ ಬೀಜ ಕಟ್ಟುತ್ತದೆ. ಹೂ ಬಿಡುವ ಸಮಯ ಹೇಳುವುದು ರಾತ್ರಿ. ಜೂನ್ ಕೊನೆಯಲ್ಲಿ ಇಲ್ಲಿ ಹದಿನೈದು ಗಂಟೆಗೂ ಜಾಸ್ತಿ ಹಗಲು. ಆಗ ಗಿಡ ಬರೀ ಬೆಳೆಯುತ್ತದೆ. ಆಗಸ್ಟಿನಲ್ಲಿ ರಾತ್ರಿ ಉದ್ದವಾದಂತೆ ಮೊಗ್ಗು ಕಟ್ಟುತ್ತದೆ. ನಮ್ಮ ಸೇವಂತಿಗೆಯೂ ಹೀಗೇ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋದವರು ಸೇವಂತಿಗೆ ತೋಟದಲ್ಲಿ ಸಾಲು ಸಾಲು ಬಲ್ಬು ಉರಿಯುವುದನ್ನು ನೋಡಿರಬಹುದು. ಹೂ ಬೇಗ ಬರದಿರಲಿ ಅಂತ ಗಿಡಕ್ಕೆ ರಾತ್ರಿಯೇ ಆಗಿಲ್ಲ ಅಂತ ನಂಬಿಸುವ ಉಪಾಯ ಅದು. ನನ್ನ ಒಂದು ಕುಂಡ ಬೀದಿ ದೀಪದ ಕೆಳಗಿತ್ತು. ಅದರ ಹೂವು ವಾರಗಟ್ಟಲೆ ತಡ. ಅಜ್ಜ ಬಂದು ಅದನ್ನು ಶೆಡ್ಡಿನ ಮರೆಗೆ ಎಳೆದಿಟ್ಟರು. ಕುಂಡದಲ್ಲಿ ಬೆಳೆಸುವುದರ ಸುಖ ಇದೇ, ಗಿಡವನ್ನು ಜಾಗ ಬದಲಿಸಿ ಕೂರಿಸಬಹುದು.

ಆ ತಡವಾದ ಗಿಡಕ್ಕೆ ಅಕ್ಟೋಬರಿನ ಮಳೆ ಸಿಕ್ಕಿತು. ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದ ದಪ್ಪ ತೆನೆಯಲ್ಲಿ ಒಂದೇ ಒಂದು ಎಲೆ ಹಳದಿಯಾಗಿತ್ತು. ಎಳೆದರೆ ಸುಲಭಕ್ಕೆ ಕಿತ್ತು ಬಂತು. ಬಿಡಿಸಿ ನೋಡಿದರೆ ಒಳಗೆಲ್ಲ ಬೂದು ಬೂಷ್ಟು. ದ್ರಾಕ್ಷಿ ಗೊಂಚಲನ್ನೂ ಕೊಳೆಸುವ ಬೂಷ್ಟು ಅದೇ. ಮಣ್ಣು ಎಷ್ಟೇ ಚೆನ್ನಾಗಿದ್ದರೂ ಇದಕ್ಕೆ ಏನೂ ಮಾಡುವಂತಿಲ್ಲ. ತಡವಾದಷ್ಟೂ ಅಪಾಯ, ಅಷ್ಟೇ. ಬೂಷ್ಟು ಹಿಡಿದದ್ದನ್ನು ಸೇದಬಾರದು. ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕಿದೆವು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಅಜ್ಜನ ಮಂಡಿಗೆ ಹೋಯಿತು. ಕಾನೂನಿನ ಪ್ರಕಾರ ಕೊಡಬಹುದು, 30 ಗ್ರಾಮಿನೊಳಗೆ, ಮಾರುವಂತಿಲ್ಲ. ನನಗೆ ಅದರ ಹೊಗೆಗಿಂತ ಟೊಮೆಟೊ ಗೊಜ್ಜೇ ರುಚಿ. ನಿಜ ಹೇಳಬೇಕೆಂದರೆ ಬೆಳೆಸುವ ಹಟಕ್ಕೆ ಬೆಳೆಸಿದ್ದು.

ಮಣ್ಣನ್ನು ಎಸೆಯುವುದಿಲ್ಲ. ಬೇರಿನ ಗಂಟು ಒದರಿ, ಟಾರ್ಪಾಲಿನ ಮೇಲೆ ಹರಡಿ, ಕಾಲು ಭಾಗ ಹೊಸ ಕಾಂಪೋಸ್ಟ್ ಸೇರಿಸಿ ಗ್ಯಾರೇಜಿನಲ್ಲಿಡುತ್ತೇವೆ. ಚಳಿಗಾಲದಲ್ಲಿ ಅದು ಕಲ್ಲಾಗುತ್ತದೆ. ಏಪ್ರಿಲ್ ಕೊನೆಗೆ ಬಿಡಿಸಿದರೆ ಇನ್ನೂ ಒಳ್ಳೆಯದಾಗಿರುತ್ತದೆ. ಟೊಮೆಟೊ ಇದ್ದ ಕುಂಡಕ್ಕೆ ಮತ್ತೆ ಟೊಮೆಟೊ ಬೇಡ ಅನ್ನುವುದೊಂದೇ ನಿಯಮ. ಈ ವರ್ಷದ ಖರ್ಚು ಒಂದು ಚೀಲ ಪರ್ಲೈಟ್ ಮತ್ತು ಒಂದು ನಾರಿನ ಇಟ್ಟಿಗೆ.

ಮೊನ್ನೆ ಅದನ್ನು ನೆನೆಹಾಕುತ್ತಿದ್ದಾಗಲೇ ಅಪ್ಪನ ಕಾಲ್ ಬಂತು. ಕೆರೆಯಲ್ಲಿ ಜೆಸಿಬಿ ಇಳಿದಿದೆಯಂತೆ, ಈ ಸಲ ಗೋಡು ಚೆನ್ನಾಗಿದೆಯಂತೆ.

"ನಿಂಗೂ ಎರಡು ಲೋಡು ಕಳಿಸ್ಲೇನೋ?"

ಅದು ಕುಂಡಕ್ಕೆ ಆಗಲ್ಲ ಅಪ್ಪ, ಗಟ್ಟಿಯಾಗುತ್ತೆ ಅಂದೆ.

"ಮತ್ತೆ ಆ ಟಬ್ಬಲ್ಲಿ ಇರೋದು ಏನು?"

ಒಂದು ಹಿಡಿ ಎತ್ತಿ ಫೋನಿನ ಮುಂದೆ ಹಿಡಿದೆ. "ನಮ್ಮೂರ ಮಿಲ್ ಹಿಂದೆ ಗುಡ್ಡೆ ಹಾಕ್ತಿದ್ರಲ್ಲ ಅಪ್ಪ, ಅದೇ."

ಅಪ್ಪ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು ನೋಡಿದರು. "ಮಟ್ಟೆ ಹುಡಿನಾ? ಎಷ್ಟು ಕೊಟ್ಟೆ ಅದ್ಕೆ?"

ನೆಟ್‌ವರ್ಕ್ ಸರಿಯಿಲ್ಲ, ಆಮೇಲೆ ಮಾಡ್ತೀನಿ ಅಂದೆ.